ಬಣ್ಣ ಬಳಿಯದೆ ಬಿಟ್ಟ ಇಟ್ಟಿಗೆ

ಅಗ್ಗಿಷ್ಟಿಕೆ ಗೋಡೆಯ ಇಟ್ಟಿಗೆ ಇಟ್ಟಿಗೆಯ ನಡುವಿನ ಸಂದಿಗೆ ಸಣ್ಣ ಬ್ರಶ್ಶಿನಿಂದ ಬಣ್ಣಕ್ಕೆ ಮುಂಚಿನ ಬಿಳಿ ಪ್ರೈಮರ್ ತುಂಬುತ್ತಾ ಕೂತಿದ್ದೆ. ಮೊಣಕಾಲ ಕೆಳಗೆ ಹಳೇ ದಿಂಬು, ತಲೆಗೆ ಸುತ್ತಿದ ಟವೆಲ್ಲು, ಮೈಮೇಲೆ ನಮ್ಮನೆಯವರ ಕಾಲರು ಹರಿದ ಶರ್ಟು. ಇನ್ನೊಂದೇ ಇಟ್ಟಿಗೆ ಬಾಕಿಯಿತ್ತು, ಎಡಗಡೆ ತೀರಾ ಕೆಳಗಿನ ಮೂಲೆಯದು. ಅಷ್ಟರಲ್ಲಿ ಫೋನು ಬಂತು. ನೋಡಿದರೆ ಅಳಿಯ.

"ಅತ್ತೆ, ಗಾಬರಿ ಆಗ್ಬೇಡಿ," ಅಂದ. ಹಾಗಂದ ಕೂಡಲೇ ಗಾಬರಿಯಾಯಿತು. "ಆಸ್ಪತ್ರೆಗೆ ಬಂದಿದೀವಿ. ಮಗುವಿನ ಎದೆಬಡಿತ ಕಮ್ಮಿ ಆಗ್ತಿದೆಯಂತೆ. ಈಗ್ಲೇ ಆಪರೇಷನ್ ಮಾಡಿ ತೆಗೀತಾರಂತೆ."

"ಈಗ್ಲೇ ಅಂದ್ರೆ? ಇನ್ನೂ ಎಂಟು ತುಂಬಿಲ್ಲವಲ್ಲಪ್ಪ!"

"ಗೊತ್ತು ಅತ್ತೆ. ನೀವು ಬಂದ್ಬಿಡಿ."

ಅವತ್ತು ಶನಿವಾರ, ನಮ್ಮನೆಯವರು ಮನೆಯಲ್ಲೇ ಇದ್ದರು. ಅದೊಂದು ಪುಣ್ಯ. ನನಗೂ ಕಾರು ಓಡಿಸುವುದು ಬರುತ್ತದೆ, ಆದರೆ ಅವತ್ತು ಬರುತ್ತಿರಲಿಲ್ಲ. ಬ್ರಶ್ಶನ್ನು ಟ್ರೇಯ ಮೇಲೆ ಇಟ್ಟ ಹಾಗೇ ಬಿಟ್ಟು, ದೇವರ ಮುಂದೆ ಒಂದು ದೀಪ ಹಚ್ಚೋಣ ಅಂದುಕೊಂಡರೆ ಬೆರಳೆಲ್ಲ ಬಿಳಿ ಬಣ್ಣ, ಬೆಂಕಿಕಡ್ಡಿ ಜಾರುತ್ತಿತ್ತು. "ಬಾರೇ, ದೇವರು ಅಲ್ಲೂ ಇರ್ತಾರೆ," ಅಂದರು ಇವರು, ಕೀಲಿ ಕೈಯಲ್ಲಿ ಹಿಡಿದು. ದೇವರ ವಿಷಯ ಎಂದೂ ಆಡದ ಮನುಷ್ಯ. ಹೊರಟೆ.

ಆ ಅಗ್ಗಿಷ್ಟಿಕೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಾವು ಕೊಂಡದ್ದು ಹಳೆಯ ಮನೆ. ನಡುಮನೆಯ ಅರ್ಧ ಗೋಡೆ ಕಂದುಗೆಂಪು ಇಟ್ಟಿಗೆಯದು, ಅದರ ನಡುವೆ ಸೌದೆ ಉರಿಸುವ ಗೂಡು. ಭೂಕಂಪದಲ್ಲಿ ಚಿಮಣಿ ಬಿರುಕು ಬಿಟ್ಟಿತ್ತಂತೆ. ನಮಗಿಂತ ಮುಂಚೆ ಇಲ್ಲಿದ್ದವರು ಮಾಡಿನ ಮೇಲಿದ್ದಷ್ಟನ್ನೂ ಇಳಿಸಿ, ತೂತಿಗೆ ತಗಡು ಹೊಡೆಸಿದ್ದರು. ಕೆಳಗಿನ ಗೂಡನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬೆಂಕಿ ಹಾಕುವ ಹಾಗಿಲ್ಲ, ಕೆಡವಲು ಮನಸ್ಸಿಲ್ಲ, ಚಳಿಗೆ ಗೋಡೆಯ ಮೇಲೆ ಹೀಟ್ ಪಂಪು. ಗೂಡು ಬಾಯಿ ತೆರೆದುಕೊಂಡು ಸುಮ್ಮನೆ ಕೂತಿರುತ್ತಿತ್ತು. ಮಧ್ಯಾಹ್ನ ಒಬ್ಬಳೇ ಇರುವಾಗ ನಾನು ಅದರ ಎದುರು ಕೂತು ಅವರೆಕಾಳು ಹಿತುಕುತ್ತಲೋ ಬಟ್ಟೆ ಮಡಿಸುತ್ತಲೋ ಇದ್ದಾಗ, ಅದರೊಳಗಿನಿಂದ ಗಾಳಿಯಲ್ಲದ ಒಂದು ಸದ್ದು ಕೇಳಿದ ಹಾಗಾಗುತ್ತಿತ್ತು. ಮೇಲೆ ತಗಡಿದೆ, ಆಕಾಶ ಇಲ್ಲ, ಗೊತ್ತು. ಆದರೂ ಒಳಗೆ ಬಗ್ಗಿ ಮೇಲೆ ನೋಡಿದರೆ ಕತ್ತಲೆಯಲ್ಲಿ ಎಲ್ಲೋ ದೂರದಲ್ಲಿ ಒಂದು ಚೂರು ಆಕಾಶ ಉಳಿದುಕೊಂಡಿದೆ ಅನ್ನಿಸುತ್ತಿತ್ತು.

ಮಗಳ ಹೆರಿಗೆ ಜುಲೈಯಲ್ಲಿ ಅಂದಿದ್ದರು. ಇಲ್ಲಿ ಜುಲೈ ಅಂದರೆ ಕೊರೆಯುವ ಚಳಿಗಾಲ, ಬೆಳಿಗ್ಗೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ. ಬಾಣಂತನ ನಮ್ಮನೆಯಲ್ಲೇ. ನಾನು ಮೈಸೂರಿನಲ್ಲಿ ಬಾಣಂತಿಯಾಗಿದ್ದಾಗ ಅಮ್ಮ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುತ್ತಿದ್ದಳು, ಅದರ ಮೇಲೆ ಚಿಟಿಕೆ ಸಾಂಬ್ರಾಣಿ. ಇಲ್ಲಿ ಕೆಂಡ ಇಟ್ಟರೆ ಸ್ಮೋಕ್ ಅಲಾರ್ಮ್ ಹೊಡೆದುಕೊಂಡು ಬೀದಿಯವರೆಲ್ಲ ಬಂದು ಸೇರುತ್ತಾರೆ. ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿರುವುದು ನಡುಮನೆಯೇ, ಹಾಸಿಗೆ ಅಲ್ಲೇ ಹಾಕೋಣ ಅಂದುಕೊಂಡೆ. ಆದರೆ ಆ ಕಪ್ಪಡರಿದ ಇಟ್ಟಿಗೆ ಗೋಡೆ ಇದ್ದ ಬೆಳಕನ್ನೆಲ್ಲ ಕುಡಿದುಬಿಡುತ್ತಿತ್ತು. ಮಧ್ಯಾಹ್ನಕ್ಕೇ ದೀಪ ಹಾಕಬೇಕು. ಬಾಣಂತಿಯ ಮನಸ್ಸು ಮೊದಲೇ ನೀರಿನ ಹಾಗಿರುತ್ತದೆ, ಅವಳನ್ನು ಅಂಥಾ ಗೋಡೆಯ ಮುಂದೆ ಮಲಗಿಸುವುದಾ?

ಸರಿ, ಬಿಳಿ ಬಳಿಯೋಣ ಅಂದೆ. ಅಂದಮೇಲೆ ನನಗೇ ಅಳುಕಾಯಿತು. ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನನ್ನೂ ಸಿದ್ಧ ಮಾಡಬಾರದು ಅನ್ನುವುದು ನಮ್ಮ ಕಡೆಯ ನಂಬಿಕೆ. ತೊಟ್ಟಿಲು ತರುವ ಹಾಗಿಲ್ಲ, ಹೊಸ ಬಟ್ಟೆ ಹೊಲಿಸುವ ಹಾಗಿಲ್ಲ. ಮಗಳ ಆಫೀಸಿನವರು ಕೊಟ್ಟ ಉಡುಗೊರೆಗಳನ್ನೂ ನನ್ನ ಕಾಟಕ್ಕೆ ಅವಳು ಬಿಚ್ಚದೆ ಗರಾಜಿನಲ್ಲಿ ಇಟ್ಟಿದ್ದಳು. ಮನೆಯಲ್ಲಿ ಬಸುರಿ ಇದ್ದಾಗ ಕಟ್ಟುವುದು ಕೆಡವುವುದು ಕೂಡ ಬೇಡ ಅನ್ನುತ್ತಾರೆ.

ನಮ್ಮನೆಯವರು ನಕ್ಕರು. "ಕಟ್ಟಬಾರದು, ಕೆಡವಬಾರದು ಅಂತ ತಾನೇ? ಬಳಿಯೋದಕ್ಕೆ ಅಡ್ಡಿ ಇಲ್ಲವಲ್ಲ. ಇಲ್ಲಿ ಕೌನ್ಸಿಲ್‌ನವರ ಕಾನೂನೂ ಅದೇ ಕಣೇ, ಕಟ್ಟೋಕೆ ಕೆಡವೋಕೆ ಪರ್ಮಿಷನ್ ಬೇಕು, ಬಳಿಯೋಕೆ ಬೇಡ. ನಿಮ್ಮಮ್ಮ ಕೌನ್ಸಿಲ್‌ನಲ್ಲಿ ಇರಬೇಕಾಗಿತ್ತು."

ನಾನು ದೇವರ ಗೂಡಿನ ಮುಂದೆ ನಿಂತು, "ತಾಯೀ ಚಾಮುಂಡಿ, ಇದು ಮಗುವಿಗಲ್ಲ, ಗೋಡೆಗೆ," ಅಂತ ಹೇಳಿದೆ. ಅವಳಿಗೆ ನಗು ಬಂದಿರಬೇಕು.

ಬಣ್ಣದಂಗಡಿಯಲ್ಲಿ ಬಿಳಿಯಲ್ಲೇ ಕಾಲು, ಅರ್ಧ, ಮುಕ್ಕಾಲು ಅಂತಿತ್ತು. ಒಂದೇ ಬಿಳಿಯನ್ನು ತೆಳು ಮಾಡುತ್ತಾ ಹೋಗುವುದು. "ಕಾಲು ಸೇರು ಹಾಲು ಕೇಳಿದ ಹಾಗಿದೆ," ಅಂದರು ಇವರು. ಕಾಸಿದ ಹಾಲಿನ ಕೆನೆಗೆ ಹತ್ತಿರವಾದದ್ದನ್ನು ನಾನು ಆರಿಸಿದೆ. ಮನೆಗೆ ಬಂದು, ಎಷ್ಟಾದರೂ ಬೆಂಕಿ ಕೂತೆದ್ದ ಜಾಗ ಅಂತ ಗೂಡಿಗೆ ಅರಿಶಿನ ಕುಂಕುಮ ಇಟ್ಟು, ತೋಟದ ಒಂದು ಸೇವಂತಿಗೆ ಏರಿಸಿ, ಆಮೇಲೆ ತೊಳೆಯಲು ಕೂತೆ. ಬಣ್ಣಕ್ಕೆ ಮುಂಚೆ ಗೋಡೆ ಉಜ್ಜಲು ಇಲ್ಲಿ ಒಂದು ಸೋಪು ಸಿಗುತ್ತದೆ. ಅದರ ನೀರು ಹಾಕಿ ತಂತಿ ಬ್ರಶ್ಶಿನಿಂದ ಉಜ್ಜಿದರೆ ಮಸಿ ಹರಿದು ಹರಿದು ಬಂತು. ಬಕೆಟ್ಟು ಬಕೆಟ್ಟು ಕಪ್ಪು ನೀರು. ಯಾರ್ಯಾರೋ ಕಾಯಿಸಿಕೊಂಡ ಚಳಿಗಾಲಗಳು, ಯಾರದೋ ಮಕ್ಕಳು ಒಣಗಿಸಿದ ಕಾಲುಚೀಲ, ಎಲ್ಲ ನನ್ನ ಕೈಮೇಲೆ ಇಳಿದು ಹೋಗುತ್ತಿದೆ ಅನ್ನಿಸಿತು.

ಆ ತಂತಿ ಬ್ರಶ್ಶು ಪಕ್ಕದ ಮನೆಯ ಅಜ್ಜಿಯದು. ಅಜ್ಜಿ ಅಂತ ನಾನು ಮನಸ್ಸಿನಲ್ಲಿ ಕರೆಯುವುದು, ಅವರು ನ್ಯೂಜಿಲೆಂಡಿನಲ್ಲೇ ಹುಟ್ಟಿ ಬೆಳೆದ ಹೆಂಗಸು. ಮದುವೆಯಾಗಿ ಈ ಬೀದಿಗೆ ಬಂದವರು ಇಲ್ಲೇ ಮುದುಕಿಯಾದರು. ನಮ್ಮನೆಯ ಒಂದು ಕೀಲಿ ಅವರ ಹತ್ತಿರ, ಅವರದೊಂದು ನಮ್ಮ ಹತ್ತಿರ. "ಆ ಇಟ್ಟಿಗೆಗೆ ಯಾವತ್ತೋ ಬಣ್ಣ ಬೇಕಾಗಿತ್ತು, ಡಿಯರ್," ಅಂತ ಬೇಲಿಯಾಚೆಯಿಂದ ಅಂದಿದ್ದರು. "ಮುಂಚಿನವರಿಗೂ ಹೇಳಿದ್ದೆ. ಕಿವಿಗೇ ಹಾಕಿಕೊಳ್ಳಲಿಲ್ಲ."

ಇಷ್ಟು ಆಗಿ, ಪ್ರೈಮರ್ ಮುಗಿಯಲು ಒಂದು ಇಟ್ಟಿಗೆ ಇದೆ ಅನ್ನುವಾಗ ಆ ಫೋನು ಬಂದದ್ದು.

ಹೆಣ್ಣುಮಗು. ನಾವು ತಲುಪುವ ಹೊತ್ತಿಗೆ ಹುಟ್ಟಿಯಾಗಿತ್ತು, ಅತ್ತಿತ್ತಂತೆ ಕೂಡ. ಆ ಅಳು ನಾನು ಕೇಳಲಿಲ್ಲ, ಅಳಿಯ ಕೇಳಿದ್ದ, ಅದೂ ಒಂದು ಪುಣ್ಯವೇ. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ಕೊಳವೆ, ನನ್ನ ಅಂಗೈಯಷ್ಟು ಬೆನ್ನು. ಪೆಟ್ಟಿಗೆಯ ಸಣ್ಣ ಕಿಟಕಿಯೊಳಗೆ ಕೈ ಇಟ್ಟರೆ ಒಳಗೆ ಬೆಚ್ಚಗಿತ್ತು, ಹೂಬಿಸಿಲಿನ ಹಾಗೆ. ಹೊಗೆಯಿಲ್ಲ, ಕೆಂಡವಿಲ್ಲ. ಇದೇ ಅಲ್ಲವೇ ಇವಳ ಅಗ್ಗಿಷ್ಟಿಕೆ ಅಂದುಕೊಂಡೆ. ಏಳರಲ್ಲಿ ಹುಟ್ಟಿದ ಮಗು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಕಷ್ಟ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದು ತಲೆಯೊಳಗೆ ಸುತ್ತುತ್ತಿತ್ತು. ಡಾಕ್ಟರು ಹೇಳಿದ್ದು ಅದಕ್ಕೆ ಉಲ್ಟಾ, ಒಂದೊಂದು ದಿನ ಹೆಚ್ಚು ಒಳಗಿದ್ದಷ್ಟೂ ಒಳ್ಳೆಯದು ಅಂತ. ಅವತ್ತಿಂದ ನಾನು ಡಾಕ್ಟರ ಪಕ್ಷ.

ಆದರೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಆ ವಾರ್ಡಿನಲ್ಲಿ ಬಂದವರೆಲ್ಲ, ನರ್ಸುಗಳು, ನೆಲ ಒರೆಸುವಾಕೆ, ಪಕ್ಕದ ಪೆಟ್ಟಿಗೆಯ ಮಗುವಿನ ತಂದೆ, ಎಲ್ಲರೂ ಬಗ್ಗಿ ನೋಡಿ "ಪರ್ಫೆಕ್ಟ್" ಅನ್ನುತ್ತಿದ್ದರು. "ಎಷ್ಟು ಚೆಂದ! ಪರ್ಫೆಕ್ಟ್!" ಒಳ್ಳೆಯ ಮನಸ್ಸಿನಿಂದಲೇ. ನಮ್ಮಲ್ಲಾದರೆ ಮಗುವನ್ನು ನೋಡಿ ಹಾಗೆ ಬಾಯಿಬಿಟ್ಟು ಹೇಳುತ್ತಾರಾ? ಹೇಳಿದರೂ ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಾರೆ. ಕೆನ್ನೆಗೆ ಒಂದು ಕಾಡಿಗೆ ಬೊಟ್ಟು ಇಟ್ಟಿರುತ್ತಾರೆ, ಕಣ್ಣು ಮೊದಲು ಆ ಕಪ್ಪಿನ ಮೇಲೆ ಬೀಳಲಿ ಅಂತ. ನನ್ನ ಮೊಮ್ಮಗಳ ಕೆನ್ನೆ ಬರಿದಾಗಿತ್ತು. ನರ್ಸನ್ನು ಕೇಳಿಯೇಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡು, ಇಷ್ಟು ಎಳೆಯ ಚರ್ಮಕ್ಕೆ ಏನನ್ನೂ ಹಚ್ಚುವ ಹಾಗಿಲ್ಲ ಅಂತ ಮೆಲ್ಲಗೆ ಹೇಳಿದಳು.

"ಅಮ್ಮಾ, ಪ್ಲೀಸ್," ಅಂದಳು ಮಗಳು, ವೀಲ್‌ಚೇರಿನಿಂದ. ಅವಳ ತುಟಿ ಒಣಗಿತ್ತು. "ಅವರನ್ನ ಇನ್ನೇನೂ ಕೇಳ್ಬೇಡ. ಆಮೇಲೆ ನಾನು ಅತ್ಬಿಡ್ತೀನಿ."

ಕೇಳಲಿಲ್ಲ.

ಮಾರನೆಯ ದಿನ ಬಟ್ಟೆ ತರಲು ಮನೆಗೆ ಬಂದಾಗ ಗೂಡಿನ ಮುಂದೆ ನಿಂತೆ. ಬ್ರಶ್ಶು ಒಣಗಿ ಕಡ್ಡಿಯಾಗಿತ್ತು. ಗೋಡೆಯೆಲ್ಲ ಬಿಳಿ, ಕೆಳಗೆ ಎಡಮೂಲೆಯಲ್ಲಿ ಒಂದೇ ಒಂದು ಕೆಂಪು ಇಟ್ಟಿಗೆ. ಅಯ್ಯೋ, ಇಲ್ಲೇ ಇದೆಯಲ್ಲ ಅವಳ ಬೊಟ್ಟು, ಅನ್ನಿಸಿತು. ಅವಳಿಗಾಗಿ ಬಳಿಯಲು ಹೊರಟ ಗೋಡೆ, ಅವಳಿಗಾಗಿಯೇ ಅರ್ಧಕ್ಕೆ ನಿಂತದ್ದು. ಕೆನ್ನೆಗೆ ಇಡಲಾಗದ್ದು ಗೋಡೆಯ ಮೇಲೆ ತಾನಾಗಿ ಉಳಿದಿದೆ. ಅವಳು ಮನೆಗೆ ಬರುವ ತನಕ ಈ ಇಟ್ಟಿಗೆ ಹೀಗೇ ಇರಲಿ ತಾಯೀ, ಅಂತ ಕೈ ಮುಗಿದೆ.

ಆಮೇಲಿನ ದಿನಗಳು ನನಗೆ ಒಂದರಿಂದ ಒಂದು ಬಿಡಿಸಿಕೊಂಡು ನೆನಪಾಗುವುದಿಲ್ಲ. ಬೆಳಿಗ್ಗೆ ಆಸ್ಪತ್ರೆ, ಮಧ್ಯಾಹ್ನ ಮನೆಗೆ ಬಂದು ಮಗಳಿಗೆ ಸಬ್ಬಸಿಗೆ ಸೊಪ್ಪಿನ ಸಾರು, ಮೆಣಸಿನ ಸಾರು, ಒಲೆಯ ಮೇಲೆ ಅನ್ನ ಬೇಯುವಷ್ಟು ಹೊತ್ತು ಬಣ್ಣ. ಮೊದಲ ಕೋಟು ಕುಡಿದುಕೊಂಡಿತು ಇಟ್ಟಿಗೆ. ಎರಡನೆಯದಕ್ಕೆ ಮೈದುಂಬಿತು. ದಪ್ಪ ರೋಲರು ಇಟ್ಟಿಗೆಯ ಮೇಲೆ ಹೋಗುವಾಗ ಹಸು ಕರುವಿನ ಮೈ ನೆಕ್ಕುವ ಸದ್ದು. ಎಲೆ ಉದುರುವ ಕಾಲ, ಬಿಸಿಲು ತಗ್ಗಾಗಿ ಕಿಟಕಿಯಿಂದ ಬಂದು ಹಸಿ ಬಣ್ಣದ ಮೇಲೆ ನಿಲ್ಲುತ್ತಿತ್ತು. ಕೋಣೆ ಎಲ್ಲಿ ಮುಗಿಯುತ್ತದೆ, ಬೆಳಕು ಎಲ್ಲಿ ಶುರುವಾಗುತ್ತದೆ, ಗೊತ್ತಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಹಾಗೇ ಕಾರ್ಪೆಟ್ಟಿನ ಮೇಲೆ ಒರಗಿದವಳಿಗೆ ಜೋಂಪು ಹತ್ತಿತು. ನಾನು ಚಿಕ್ಕ ಹುಡುಗಿ. ಅಮ್ಮ ಬೆರಣಿ ಚೂರು ಕೈಗೆ ಕೊಟ್ಟು, "ನಮ್ಮ ಒಲೆ ಆರಿಹೋಯ್ತು, ಪಕ್ಕದ ಮನೆಯಿಂದ ಒಂದು ಕೆಂಡ ಇಸ್ಕೊಂಡು ಬಾ," ಅನ್ನುತ್ತಿದ್ದಾಳೆ. ನಾನು ಬರಿಗಾಲಲ್ಲಿ ಹೋಗುತ್ತಿದ್ದೇನೆ, ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟಿದೆ, ಪಕ್ಕದ ಮನೆ ಎಷ್ಟು ನಡೆದರೂ ಬರುತ್ತಿಲ್ಲ. ಎಚ್ಚರವಾದಾಗ ಕುಕ್ಕರು ಕೂಗುತ್ತಿತ್ತು.

ಮಗು ಅಷ್ಟಷ್ಟೇ ಮೈ ತುಂಬಿಕೊಳ್ಳುತ್ತಿತ್ತು. ಮೂಗಿನ ಗಾಳಿಯ ಕೊಳವೆ ತೆಗೆದರು. ತಾನೇ ಉಸಿರಾಡುತ್ತಿದ್ದಳು. ಹಾಲಿನ ಕೊಳವೆ ಒಂದು ಉಳಿದಿತ್ತು.

ಹೀಗಿರುವಾಗ ಒಂದು ಸಂಜೆ ಇವರೂ ನಾನೂ ಆಸ್ಪತ್ರೆಯಿಂದ ಬಂದು ಬಾಗಿಲು ತೆಗೆದರೆ, ಗೋಡೆಯೆಲ್ಲ ಬಿಳಿ. ಎಡಮೂಲೆಯೂ ಬಿಳಿ.

ನಾನು ಚಪ್ಪಲಿ ಕೂಡ ಬಿಡದೆ ಒಳಗೆ ಹೋಗಿ ಬೆರಳಿಟ್ಟು ನೋಡಿದೆ. ಇನ್ನೂ ಅಂಟುತ್ತಿತ್ತು. ಅಡುಗೆಮನೆಯಲ್ಲಿ ಒಂದು ಪಾತ್ರೆ ಸೂಪು, ಇನ್ನೂ ಬೆಚ್ಚಗೆ. ಪಕ್ಕದ ಮನೆಯ ಅಜ್ಜಿ ಬಂದು ಹೋಗಿದ್ದಾರೆ. ಸೂಪು ಇಡಲು ಬಂದವರ ಕಣ್ಣಿಗೆ ಬಿಟ್ಟುಹೋದ ಇಟ್ಟಿಗೆ ಬಿದ್ದಿದೆ. ಪಾಪ, ಅವಸರದಲ್ಲಿ ಓಡಿದಳು, ಇದೊಂದು ನಾನು ಮಾಡಿಬಿಡೋಣ ಅಂದುಕೊಂಡಿದ್ದಾರೆ. ಆ ವಯಸ್ಸಿನಲ್ಲಿ ಮೊಣಕಾಲೂರಿ, ಸಂದಿಗೆ ಸಣ್ಣ ಬ್ರಶ್ಶು ಬೇರೆ, ಮೇಲೆ ದೊಡ್ಡದು ಬೇರೆ, ನನಗಿಂತ ಚೆನ್ನಾಗಿ ಬಳಿದಿದ್ದಾರೆ.

ನಾನು ಇನ್ನೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ, ಇವರ ಫೋನು ಹೊಡೆಯಿತು. ಅಳಿಯ. ಮಗು ಎರಡು ಸಲ ಉಸಿರು ನಿಲ್ಲಿಸಿತಂತೆ. ಸೋಂಕು ಇರಬಹುದು ಅಂತ ರಕ್ತ ತೆಗೆದಿದ್ದಾರೆ, ಮತ್ತೆ ಉಸಿರಿನ ಮಿಷಿನ್ನಿಗೆ ಹಾಕಿದ್ದಾರೆ. ಈಗ ಒಳಗೆ ಯಾರನ್ನೂ ಬಿಡುತ್ತಿಲ್ಲ, ಒಂದು ಗಂಟೆ ಬಿಟ್ಟು ಬನ್ನಿ.

ಇವರು ಫೋನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಇಟ್ಟಿಗೆ ನೋಡುತ್ತಿದ್ದೆ.

"ಅಲ್ಲ ಕಣೇ, ಇಟ್ಟಿಗೆಗೂ ಮಗುವಿನ ಉಸಿರಿಗೂ ಏನು ಸಂಬಂಧ?"

"ಏನೂ ಇಲ್ಲ ರೀ. ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ."

ಅವರು ಗರಾಜಿಗೆ ಹೋಗಿ ಬಣ್ಣ ಕೆರೆಯುವ ಚಪ್ಪಟೆ ಚೂರಿ ತಂದರು. ಸೇತುವೆ, ಕಟ್ಟಡ ಅಂತ ಲೆಕ್ಕ ಹಾಕುವ ಇಂಜಿನಿಯರು, ಪ್ಯಾಂಟು ಮೇಲೆತ್ತಿಕೊಂಡು ನೆಲಕ್ಕೆ ಕೂತು, "ಕೆರೆದುಬಿಡ್ಲಾ? ಹಸಿ ಇದೆ, ಬಂದ್ಬಿಡತ್ತೆ," ಅಂದರು.

ದೃಷ್ಟಿ ತಾಗದಿರಲಿ ಅಂತ ಒಬ್ಬರ ಒಳ್ಳೆಯತನವನ್ನು ಕೆರೆದು ತೆಗೆಯುವುದಾ? ಅಷ್ಟರಲ್ಲಿ ಹಿಂಬಾಗಿಲಲ್ಲಿ, "ನಾನು ಕಣ್ರಪ್ಪಾ, ಸೂಪಿನ ಮುಚ್ಚಳ ಮರೆತಿದ್ದೆ," ಅನ್ನುತ್ತಾ ಅಜ್ಜಿಯೇ ಬಂದರು. "ಮಾಂಸ ಇಲ್ಲ ಅದರಲ್ಲಿ, ಪೊಟ್ಟಣದ ಮೇಲೆ ಬರೆದದ್ದನ್ನ ಎರಡು ಸಲ ಓದಿದೀನಿ. ಕಂಡ್ಯಾ, ನೀನೊಂದು ಇಟ್ಟಿಗೆ ಬಿಟ್ಟಿದ್ದೆ!" ಆಮೇಲೆ ಇವರ ಕೈಯಲ್ಲಿದ್ದ ಚೂರಿ ಕಂಡರು. ನಗು ಹೋಯಿತು. "ನಾನೇನಾದರೂ ತಪ್ಪು ಮಾಡಿದೆನಾ?"

"ಇಲ್ಲ ಇಲ್ಲ, ನೀವು ಚೆನ್ನಾಗಿ ಬಳಿದಿದ್ದೀರಿ," ಅಂದವಳು ಅತ್ತುಬಿಟ್ಟೆ. ಅಲ್ಲಿಯವರೆಗೂ ಅತ್ತಿರಲಿಲ್ಲ.

ಅವರು ನನ್ನ ಪಕ್ಕ ನೆಲದ ಮೇಲೆ ಕೂತರು. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮಲ್ಲಿ ಚೆಂದದ್ದರ ಮೇಲೆ ಒಂದು ಕಪ್ಪು ಇಡುತ್ತೇವೆ. ಪೂರ್ತಿ ಚೆಂದ ಇದ್ದರೆ ಕಣ್ಣು ಅಲ್ಲೇ ನಾಟುತ್ತದೆ. ಮಗುವಿಗೆ ಇಡಲು ಬಿಡಲಿಲ್ಲ, ಅದಕ್ಕೆ ಇದೊಂದನ್ನು ಬಿಟ್ಟಿದ್ದೆ. ಈಗ ಮಗುವಿನ ಉಸಿರು ಕಟ್ಟುತ್ತಿದೆ. ನಿಮ್ಮಿಂದ ಅಲ್ಲ. ನನಗೆ ಹೆದರಿಕೆ, ಅಷ್ಟೇ.

ನಗುತ್ತಾರೆ ಅಂದುಕೊಂಡೆ. ಅವರು ನಗಲಿಲ್ಲ. "ನಮ್ಮಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಅದರ ಮುಷ್ಟಿಯೊಳಗೆ ಒಂದು ಬೆಳ್ಳಿ ಕಾಸು ಇಟ್ಟು ಬರೋಳು," ಅಂದರು. "ಯಾಕೆ ಅಂತ ನಾವು ಕೇಳಲಿಲ್ಲ. ಇಡದೆ ಬಂದಿದ್ದರೆ ಮಾತ್ರ ಅವಳಿಗೆ ನಿದ್ದೆ ಬರ್ತಿರಲಿಲ್ಲ." ನನ್ನ ಭುಜ ಹಿಡಿದು ಎದ್ದರು. "ಆ ಚೂರಿ ಒಳಗಿಡು ಅಂತ ನಿನ್ನ ಗಂಡನಿಗೆ ಹೇಳು. ಬಂದೆ."

ಕಿಟಕಿಯಿಂದ ನೋಡಿದೆ. ಹೊರಗೆ ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವರ ಮನೆಯ ಹೊಗೆಕೊಳವೆಯಿಂದ ಸೌದೆಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಅಜ್ಜಿ ಬಾಗಿಲು ತೆಗೆದು ಹೊರಬಂದರು, ತೋಟದ ಕೈಸಲಿಕೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದುಕೊಂಡು, ಹುಲ್ಲಿನ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತಾ. ಅದರ ಮೇಲೆ ಅವರ ಒಲೆಯ ಒಂದು ಇದ್ದಿಲು. ತುದಿಯಲ್ಲಿ ಇನ್ನೂ ಚೂರು ಕೆಂಪಿತ್ತು. ಆ ಕನಸಿನಲ್ಲಿ ಎಷ್ಟು ನಡೆದರೂ ಬಾರದಿದ್ದ ಪಕ್ಕದ ಮನೆ ತಾನೇ ಎದ್ದು ಬರುತ್ತಿತ್ತು.

ಗೂಡಿನ ಕಲ್ಲಿನ ಮೇಲೆ ಇದ್ದಿಲು ಆರಲು ಬಿಟ್ಟರು. ಆಮೇಲೆ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು, "ಕೆನ್ನೆ ಯಾವ ಕಡೆ?" ಅಂತ ಕೇಳಿದರು.

"ಎಡಗಡೆ."

ತಾವೇ ಬಳಿದ ಬಿಳಿಯ ಮೇಲೆ, ತಾವೇ ಹೆಬ್ಬೆರಳು ಒತ್ತಿ ಒಂದು ಸುತ್ತು ತಿರುಗಿಸಿದರು. ಹಸಿ ಬಣ್ಣಕ್ಕೆ ಮಸಿ ಕಚ್ಚಿಕೊಂಡಿತು. "ಇಷ್ಟು ಸಾಕಾ? ಇನ್ನೂ ಕೊಳಕು ಮಾಡಬೇಕಾ?"

"ಸಾಕು," ಅಂದೆ. ಇವರು ಮೂಗು ಒರೆಸಿಕೊಳ್ಳುತ್ತಾ ಚೂರಿ ಇಡಲು ಗರಾಜಿಗೆ ಹೋದರು. ತುಂಬ ಹೊತ್ತು ಬರಲಿಲ್ಲ.

ಆ ಸಂಜೆ ವಾರ್ಡಿನ ಹೊರಗೆ ಕೂತಿದ್ದಾಗ ನನ್ನ ಕೈಯಲ್ಲಿ ಜಪಮಾಲೆ ಇರಲಿಲ್ಲ, ಬಾಯಲ್ಲಿ ಸ್ತೋತ್ರ ಬರಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಗೋಡೆ, ಅದರ ಮೇಲೆ ಆ ಕಪ್ಪು. ಅದನ್ನೇ ನೋಡುತ್ತಾ ಕೂತೆ. ಅದೇ ನನ್ನ ಪ್ರಾರ್ಥನೆ ಅಂತ ಚಾಮುಂಡಿ ತಾಯಿಗೆ ಅರ್ಥವಾಗಿರಬೇಕು. ಸೋಂಕು ಇದ್ದದ್ದು ನಿಜ. ಔಷಧಿ ಕೊಟ್ಟರು, ಔಷಧಿ ಹಿಡಿಯಿತು. ಬೊಟ್ಟಿನಿಂದ ಆಯಿತು ಅಂತ ನಾನು ಯಾವತ್ತೂ ಹೇಳಿಲ್ಲ. ಡಾಕ್ಟರಿಂದ ಆಯಿತು. ಆ ಡಾಕ್ಟರು ಅವತ್ತು ರಜೆಯ ಮೇಲೆ ಇರಲಿಲ್ಲವಲ್ಲ, ಅದು ನನ್ನ ಪುಣ್ಯ. ಕೆಲವು ದಿನ ಕಳೆದು ಮಿಷಿನ್ನು ತೆಗೆದ ಮೇಲೆ, ಮಗುವಿನ ಅಳು ಮೊದಲ ಸಲ ನನ್ನ ಕಿವಿಗೆ ಬಿತ್ತು. ಬಾಗಿಲ ಕೀಲು ಕಿರುಗುಟ್ಟಿದಷ್ಟು. ಅದನ್ನು ಕೇಳಿ ನನ್ನ ಮಗಳು ನನ್ನ ಕಡೆ ತಿರುಗಿ, "ನಿನ್ನ ಹಾಗೇ ಜೋರು ಮಾಡ್ತಾಳೆ ನೋಡು," ಅಂದಳು.

ಹುಟ್ಟಬೇಕಾಗಿದ್ದ ಕಾಲಕ್ಕೆ ಅವಳು ಮನೆಗೆ ಬಂದಳು. ಹೊಸ್ತಿಲಲ್ಲಿ ಆರತಿ ಎತ್ತಿದೆ, ನನ್ನ ಜೊತೆ ತಟ್ಟೆಗೆ ಕೈ ಹಾಕಿದವರು ಪಕ್ಕದ ಮನೆಯ ಅಜ್ಜಿ. ಮಗುವಿನ ಮುಷ್ಟಿಯೊಳಗೆ ಒಂದು ಹಳೆಯ ಬೆಳ್ಳಿ ಕಾಸನ್ನು ಇಟ್ಟರು, ನುಂಗಿಬಿಟ್ಟಾಳು ಅಂತ ತಕ್ಷಣ ತೆಗೆದು ನನ್ನ ಕೈಗೆ ಕೊಟ್ಟರು. ಈಗ ಅವಳ ಕೆನ್ನೆಗೂ ಬೊಟ್ಟು ಇಡಬಹುದಾಗಿತ್ತು, ನಾನೇ ಕಾದೆ. ಎಳೆ ಚರ್ಮ, ಇರಲಿ. ಗೋಡೆ ನೋಡಿಕೊಳ್ಳುತ್ತಿದೆ.

ಆ ಮಧ್ಯಾಹ್ನ ಬಾಣಂತಿ ಮಲಗಿದ್ದಳು, ಮಗು ಅವಳ ಪಕ್ಕದಲ್ಲಿ. ಹೊರಗೆ ಮಂಜು ಬೇಲಿಯ ತನಕ ಬಂದು ನಿಂತಿತ್ತು. ಹಾಲುಬಣ್ಣದ ಗೋಡೆ ಇದ್ದ ಅಷ್ಟಿಷ್ಟು ಬೆಳಕನ್ನು ಚೂರೂ ನುಂಗದೆ ಅವರಿಬ್ಬರ ಮೇಲೆ ವಾಪಸು ಹಾಕುತ್ತಿತ್ತು. ಬೆಂಕಿಯಿಲ್ಲದ ಗೂಡಿನಲ್ಲಿ ಒಂದು ಸಣ್ಣ ದೀಪ ಇಟ್ಟಿದ್ದೆ, ಅದರ ನೆರಳು ಬೆಳಕು ಆಡಿದಾಗ ಕೆಳಗಿನ ಕಪ್ಪು ಹೆಬ್ಬೆರಳ ಗುರುತು ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಮಗುವಿನ ಬೆನ್ನು ಏರಿ ಇಳಿಯುವುದನ್ನು ನೋಡುತ್ತಾ ಕೂತಿದ್ದೆ. ಏರಿತು, ಇಳಿಯಿತು. ಯಾವ ಮಿಷಿನ್ನೂ ಇಲ್ಲದೆ.

ಒಗೆಯುವ ಮಿಷಿನ್ನು ಮಾತ್ರ ಹಿಂದುಗಡೆಯಿಂದ ಕೀಂ ಕೀಂ ಅಂತ ಕೂಗಿತು. ಮಗುವಿನ ಲಂಗೋಟಿಗಳನ್ನು ಒಗೆದು ಮುಗಿದಿತ್ತು. ಈ ಮಂಜಿನಲ್ಲಿ ಹೊರಗೆ ಒಣಗುವುದಿಲ್ಲ, ಹೀಟ್ ಪಂಪಿನ ಕೆಳಗೆ ಹರವಬೇಕು. ದೀಪ ಆರದ ಹಾಗೆ ಬಾಗಿಲು ಸ್ವಲ್ಪ ಮುಂದೆ ಎಳೆದು, ಬುಟ್ಟಿ ಎತ್ತಿಕೊಂಡು ಹೋದೆ.